ಗೋಡೆಯ ಮೇಲಿನ ನೀರಿನ ಗೆರೆ ಒರೆಸಬೇಡಿ: ನೆರೆ ಪರಿಹಾರ ಪಡೆಯುವುದು ಹೇಗೆ?

2019ರ ಆಗಸ್ಟ್. ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರು ಮಲಪ್ರಭೆಯ ದಂಡೆಯ ಊರುಗಳನ್ನು ಹೊಕ್ಕಾಗ ನಾಗರ ಪಂಚಮಿಯ ಉಂಡಿ ಇನ್ನೂ ಡಬ್ಬಿಗಳಲ್ಲೇ ಇದ್ದವು. ನೀರು ಇಳಿದ ಮೇಲೆ ನರಗುಂದ ತಾಲ್ಲೂಕಿನ ಒಂದು ಊರಿಗೆ ಹೋಗಿದ್ದೆ. ಒಬ್ಬ ಅಜ್ಜಿ ಮೂರು ದಿನ ಸೊಂಟ ಬಗ್ಗಿಸಿ ರಾಡಿ ಬಳಿದು, ಗೋಡೆ ತೊಳೆದು, ನೆಲ ಸಾರಿಸಿ ಮನೆಯನ್ನು ಚೊಕ್ಕ ಮಾಡಿಟ್ಟಿದ್ದರು. ಸಮೀಕ್ಷೆಗೆ ಬಂದವರು ‘ನೀರು ಎಲ್ಲಿಯವರೆಗೆ ಬಂದಿತ್ತು?’ ಎಂದು ಕೇಳಿದರು. ಅಜ್ಜಿ ಎದೆಯ ಮಟ್ಟಕ್ಕೆ ಕೈ ಹಿಡಿದರು. ಗೋಡೆಯ ಮೇಲೆ ಮಾತ್ರ ಏನೂ ಉಳಿದಿರಲಿಲ್ಲ. ಪಕ್ಕದ ಮನೆಯ ಹುಡುಗನ ಮೊಬೈಲಿನಲ್ಲಿದ್ದ ಒಂದೇ ಒಂದು ಚಿತ್ರ ಅವರ ಹೆಸರನ್ನು ಪಟ್ಟಿಯಲ್ಲಿ ಉಳಿಸಿತು.

ಹೀಗಾಗಿ ಯಾರು ಕೇಳಿದರೂ ನಾನು ಹೇಳುವ ಮೊದಲ ಮಾತು ಇದು: ಕಸಬರಿಗೆ ಹಿಡಿಯುವ ಮುಂಚೆ ಮೊಬೈಲ್ ಹಿಡಿಯಿರಿ.

ಮೊದಲು ಊಟ, ನೆಲೆ

ನೀರು ಏರುತ್ತಿದ್ದರೆ 112ಕ್ಕೆ ಅಥವಾ ಜಿಲ್ಲಾ ನಿಯಂತ್ರಣ ಕೊಠಡಿಯ 1077ಕ್ಕೆ ಕರೆ ಮಾಡಿ. ಹಿಂದೆ ಗಂಜಿ ಕೇಂದ್ರ ಎನ್ನುತ್ತಿದ್ದುದನ್ನು ಈಗ ಕಾಳಜಿ ಕೇಂದ್ರ ಎನ್ನುತ್ತಾರೆ. ಸಾಮಾನ್ಯವಾಗಿ ಎತ್ತರದ ಜಾಗದ ಶಾಲೆಯಲ್ಲೋ ಸಮುದಾಯ ಭವನದಲ್ಲೋ ತೆರೆಯುತ್ತಾರೆ. ಊಟಕ್ಕೆ ಕೂರುವ ಮುನ್ನ ಕಾಗದಪತ್ರ ಹುಡುಕುತ್ತ ನಿಲ್ಲಬೇಡಿ. ಆದರೆ ಅಲ್ಲಿನ ಪುಸ್ತಕದಲ್ಲಿ ಮನೆಯ ಪ್ರತಿಯೊಬ್ಬರ ಹೆಸರು ಬರೆಸಿ. ಮುಂದೆ ಅದು ಸಾಕ್ಷಿಯಾಗುತ್ತದೆ. ಬೀಗರ ಮನೆಗೋ ತವರಿಗೋ ಹೋಗುವವರು ಗ್ರಾಮ ಆಡಳಿತ ಅಧಿಕಾರಿಗೆ, ಅಂದರೆ ಹಿರಿಯರ ಬಾಯಿಯ ‘ತಲಾಟಿ’ಗೆ, ಹೇಳಿ ಹೋಗಿ. ಕೂಸಿಗೆ ಹಾಲು, ಸಕ್ಕರೆ ಕಾಯಿಲೆಯವರಿಗೆ ಮಾತ್ರೆ ಬೇಕಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ. ನಮ್ಮ ಕಡೆಯ ಹೆಣ್ಣುಮಕ್ಕಳು ಕೇಳಲು ಹಿಂಜರಿಯುತ್ತಾರೆ. ದಯವಿಟ್ಟು ಹಿಂಜರಿಯಬೇಡಿ, ಇದು ನಿಮ್ಮ ಹಕ್ಕು.

ಪಡಿತರ ಚೀಟಿ ನೀರುಪಾಲಾಗಿದ್ದರೂ ಧಾನ್ಯ ಸಿಗುತ್ತದೆ. ಬೆರಳಚ್ಚು ಕೊಟ್ಟು ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಿ ಬೇಕಾದರೂ ಪಡೆಯಬಹುದು. ಕೊಡದಿದ್ದರೆ 1967ಕ್ಕೆ ದೂರು ಕೊಡಿ. ಇನ್ನೊಂದು ಮಾತು: ಹಗೇವಿಗೆ, ಅಂದರೆ ಕಾಳು ತುಂಬಿಡುವ ನೆಲದೊಳಗಿನ ಕುಣಿಗೆ, ನೀರು ಹೊಕ್ಕಿದ್ದರೆ ಜೋಳ ಉಳಿಸಲೆಂದು ಒಳಗೆ ಇಳಿಯಬೇಡಿ. ಕೊಳೆತ ಕಾಳಿನ ಗಾಳಿ ಕ್ಷಣದಲ್ಲಿ ಜೀವ ತೆಗೆಯುತ್ತದೆ.

ಮನೆಯ ಸಮೀಕ್ಷೆ

ಚಿತ್ರ ತೆಗೆಯುವಾಗ ಮನೆಯ ಮುಂಭಾಗ ಪೂರ್ತಿ ಬರಲಿ, ಮನೆ ಸಂಖ್ಯೆಯೂ ಕಾಣಲಿ. ನೀರಿನ ಗೆರೆಯ ಪಕ್ಕ ಮನೆಯವರೊಬ್ಬರು ನಿಲ್ಲಲಿ, ಎತ್ತರ ತಿಳಿಯುತ್ತದೆ. ನೆನೆದ ಚೀಲ, ಹಾಸಿಗೆ, ಹೊಲಿಗೆ ಯಂತ್ರ, ಒಡೆದ ಟ್ರಂಕು ಯಾವುದನ್ನೂ ಬಿಡಬೇಡಿ. ಆಮೇಲೆ ಗ್ರಾಮ ಆಡಳಿತ ಅಧಿಕಾರಿಗೂ ಗ್ರಾಮ ಪಂಚಾಯಿತಿಗೂ ಅರ್ಜಿ ಕೊಡಿ. ಹುಬ್ಬಳ್ಳಿ–ಧಾರವಾಡದಲ್ಲಾದರೆ ತಹಶೀಲ್ದಾರ್ ಕಚೇರಿಗೂ ಮಹಾನಗರ ಪಾಲಿಕೆಯ ವಲಯ ಕಚೇರಿಗೂ ಹೋಗಿ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮನೆಯ ಉತಾರದ (ಮಾಲೀಕರ ಹೆಸರಿರುವ ದಾಖಲೆಯ) ಪ್ರತಿ ಜೊತೆಗಿರಲಿ.

ಕೇಂದ್ರದ 2022–26ರ ವಿಪತ್ತು ಪರಿಹಾರ ಮಾರ್ಗಸೂಚಿಯಲ್ಲಿ ಬಯಲು ಸೀಮೆಯ ಮನೆ ಪೂರ್ಣ ಬಿದ್ದರೆ 1.20 ಲಕ್ಷ ರೂಪಾಯಿ ನಿಗದಿಯಾಗಿತ್ತು. ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಬಟ್ಟೆಗೆ 2,500, ಪಾತ್ರೆ–ಪಗಡಕ್ಕೆ 2,500. ರಾಜ್ಯ ಸರ್ಕಾರ ಇದರ ಮೇಲೆ ತನ್ನ ಪಾಲು ಸೇರಿಸುವುದುಂಟು: 2019ರಲ್ಲಿ ನೀರು ನುಗ್ಗಿದ ಮನೆಗೆ 10,000, ಪೂರ್ಣ ಬಿದ್ದ ಮನೆಗೆ 5 ಲಕ್ಷ ಘೋಷಿಸಿತ್ತು. ಆಯಾ ವರ್ಷದ ಆದೇಶವನ್ನು ತಾಲ್ಲೂಕು ಕಚೇರಿಯಲ್ಲಿ ಕೇಳಿ ನೋಡಿಕೊಳ್ಳಿ. ಬಾಡಿಗೆಗೆ ಇರುವವರೂ ಸುಮ್ಮನಿರಬಾರದು. ಗೋಡೆ ಮಾಲೀಕರದು, ತೊಯ್ದ ಅನ್ನದ ಪಾತ್ರೆ ನಿಮ್ಮದು. ನಿಮ್ಮ ಹೆಸರಿನಲ್ಲೇ ಅರ್ಜಿ ಕೊಡಿ.

ನಮ್ಮ ಭಾಗದ ಮಣ್ಣಿನ ಮಾಳಿಗೆ ಮನೆಗಳ ವಿಷಯವೇ ಬೇರೆ. ನೀರು ಕುಡಿದ ಗೋಡೆ ಅಂದೇ ಬೀಳುವುದಿಲ್ಲ. ಮಳೆ ನಿಂತು ವಾರ ಕಳೆದ ಮೇಲೆ ನಡುರಾತ್ರಿ ಕುಸಿಯುತ್ತದೆ. ಬಿರುಕು ಕಂಡರೆ ಒಳಗೆ ಮಲಗಬೇಡಿ. ಸಮೀಕ್ಷೆಯಲ್ಲಿ ‘ಅಲ್ಪ ಹಾನಿ’ ಎಂದು ಬರೆದು ಹೋದ ಮೇಲೆ ಮನೆ ಬಿದ್ದರೆ ಹೊಸ ಚಿತ್ರದೊಂದಿಗೆ ಮರುಸಮೀಕ್ಷೆಗೆ ಅರ್ಜಿ ಹಾಕಿ.

ಹೊಲ, ದನಕರು

ಬೆಳೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾಗಿದ್ದರೆ ಅದೇ ಮಾರ್ಗಸೂಚಿಯಂತೆ ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಎರಡು ಹೆಕ್ಟೇರ್ ಮಿತಿ. ಹಣ ಆಧಾರ್ ಜೋಡಣೆಯಾದ ಖಾತೆಗೆ ನೇರ ಬರುತ್ತದೆ. ಜೋಡಣೆಯಾಗಿದೆಯೇ, ಯಾವ ಖಾತೆಗೆ ಆಗಿದೆ ಎಂದು ಬ್ಯಾಂಕಿನಲ್ಲಿ ಇಂದೇ ಕೇಳಿ. ಎಂದೋ ತೆರೆದು ಮರೆತ ಖಾತೆಗೆ ಹಣ ಹೋಗಿ ತಿಂಗಳುಗಟ್ಟಲೆ ಅಲೆದವರನ್ನು ಕಂಡಿದ್ದೇನೆ.

ಹೆಚ್ಚಿನ ತೊಡಕು ಇರುವುದು ಉತಾರದಲ್ಲಿ. ತೀರಿಹೋದ ತಂದೆಯ ಹೆಸರಿನಲ್ಲೇ ಹೊಲ ಇದ್ದರೆ ಮಗನ ಹೆಸರಿಗೆ ಎಫ್‌ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಆಗುವುದಿಲ್ಲ, ಪರಿಹಾರವೂ ಬರುವುದಿಲ್ಲ. ನೆರೆ ಬರುವವರೆಗೆ ಕಾಯದೆ ವಾರಸಾ ಮಾಡಿಸಿಕೊಳ್ಳಿ, ಅಂದರೆ ಹೊಲವನ್ನು ವಾರಸುದಾರರ ಹೆಸರಿಗೆ ಬರೆಸಿಕೊಳ್ಳಿ. ಲಾವಣಿಗೆ, ಅಂದರೆ ಗುತ್ತಿಗೆಗೆ, ಹೊಲ ಮಾಡುವವರ ಕಷ್ಟ ಇನ್ನೂ ದೊಡ್ಡದು. ಬಿತ್ತಿದವರು ಇವರು, ಹಣ ಸೇರುವುದು ಉತಾರದಲ್ಲಿ ಹೆಸರಿದ್ದವರಿಗೆ. ಬಿತ್ತನೆಗೆ ಮೊದಲೇ, ಪರಿಹಾರ ಬಂದರೆ ಯಾರಿಗೆ ಎಷ್ಟು ಎಂದು ಮಾಲೀಕರೊಂದಿಗೆ ಬರೆದಿಟ್ಟುಕೊಳ್ಳಿ.

ಬೆಳೆ ವಿಮೆ ಬೇರೆ ದಾರಿ. ಕಂತು ಕಟ್ಟಿದವರು ಹಾನಿಯಾದ 72 ಗಂಟೆಯೊಳಗೆ 14447ಕ್ಕೆ ಅಥವಾ ವಿಮೆ ಕಂಪನಿಗೆ ತಿಳಿಸಬೇಕು.

ದನ ಸತ್ತಿದ್ದರೆ ಹೂಳುವ ಮುಂಚೆ ಪಶುವೈದ್ಯರನ್ನು ಕರೆಸಿ, ಮರಣೋತ್ತರ ಪರೀಕ್ಷೆಯ ಚೀಟಿ ಪಡೆಯಿರಿ. ಅದೇ ಮಾರ್ಗಸೂಚಿಯಲ್ಲಿ ಹಾಲು ಕೊಡುವ ಎಮ್ಮೆ, ಆಕಳಿಗೆ 37,500, ಎತ್ತಿಗೆ 32,000, ಕುರಿ, ಮೇಕೆಗೆ 4,000 ಇತ್ತು.

ಹೆಸರು ಬಿಟ್ಟುಹೋದರೆ

ಫಲಾನುಭವಿಗಳ ಪಟ್ಟಿಯನ್ನು ಪಂಚಾಯಿತಿಯಲ್ಲಿ ಕೇಳಿ, ಕಣ್ಣಾರೆ ಓದಿ, ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನಿಂದ ಓದಿಸಿ. ಹೆಸರಿಲ್ಲದಿದ್ದರೆ ತಹಶೀಲ್ದಾರರಿಗೆ ಬರವಣಿಗೆಯಲ್ಲೇ ಆಕ್ಷೇಪಣೆ ಕೊಡಿ. ಬಾಯಿಮಾತಿಗೆ ದಾಖಲೆಯಿಲ್ಲ. ಅರ್ಜಿ ಎರಡು ಪ್ರತಿ ಇರಲಿ. ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳದೆ ಕಚೇರಿಯ ಮೆಟ್ಟಿಲು ಇಳಿಯಬೇಡಿ. ಉಪವಿಭಾಗಾಧಿಕಾರಿಯ ಬಳಿಗೋ ಜಿಲ್ಲಾಧಿಕಾರಿಯ ಬಳಿಗೋ ಹೋಗಬೇಕಾಗಿ ಬಂದರೆ ಕೈಯಲ್ಲಿ ಹಿಡಿದು ಹೋಗಬೇಕಾದದ್ದು ಅದೇ ಕಾಗದ.