ಅರ್ಧ ಇಂಚಿಗೆ ಒಂದಡಿ: ಮಂಡ್ಯದ ಕಬ್ಬಿನ ಗಾಡಿಯ ಮಾದರಿಯಲ್ಲಿ ಸೂಕ್ಷ್ಮ ಕೆಲಸ

ದಸರಾ ಗೊಂಬೆ ಕೂರಿಸುವ ಮನೆಗಳಲ್ಲಿ ಪಟ್ಟದ ಗೊಂಬೆಗಳ ಜೊತೆ ಹಳ್ಳಿ, ಸಂತೆ, ಆಲೆಮನೆಗಳ ಮಾದರಿಯನ್ನೂ ಜೋಡಿಸುತ್ತಾರೆ. ಶ್ರಮಪಟ್ಟು ಮಾಡಿದ ಮಾದರಿಯೂ ಕೆಲವೊಮ್ಮೆ ಆಟದ ಸಾಮಾನಿನಂತೆ ಕಾಣಲು ಮುಖ್ಯ ಕಾರಣ ದಪ್ಪ. ಹಗ್ಗ ದಪ್ಪ, ಹಲಗೆ ದಪ್ಪ, ಬಣ್ಣವೂ ದಪ್ಪ. ಅಳತೆಗೆ ತಕ್ಕ ತೆಳುವು ಬಂದರೆ ಅರ್ಧ ಕೆಲಸ ಮುಗಿದಂತೆ. ಇಲ್ಲಿ ಕಬ್ಬು ಹೇರಿದ ಮರದ ಚಕ್ರದ ಎತ್ತಿನ ಗಾಡಿಯನ್ನು 1:24 ಅಳತೆಯಲ್ಲಿ ತೆಗೆದುಕೊಂಡಿದ್ದೇವೆ.

ಈ ಅಳತೆಯಲ್ಲಿ ಒಂದಡಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಮೊದಲು ನಿಜವಾದ ಗಾಡಿಯೊಂದನ್ನು ಟೇಪು ಹಿಡಿದು ಅಳೆಯಿರಿ. ಉದ್ದಗಲಕ್ಕಿಂತ ದಪ್ಪಗಳನ್ನು ಬರೆದುಕೊಳ್ಳುವುದು ಮುಖ್ಯ. ಚಕ್ರದ ವ್ಯಾಸ 60 ಇಂಚಿದ್ದರೆ ಮಾದರಿಯಲ್ಲಿ 63.5 ಮಿ.ಮೀ.; 2 ಇಂಚಿನ ಅರೆ (ಚಕ್ರದ ನಡುವಿನಿಂದ ಹೊರಬಳೆಗೆ ಹೋಗುವ ಕಡ್ಡಿ) 2.1 ಮಿ.ಮೀ.; ಅರ್ಧ ಇಂಚಿನ ಕಬ್ಬಿಣದ ಪಟ್ಟಿ 0.5 ಮಿ.ಮೀ.; ಒಂದಿಂಚಿನ ಹಗ್ಗ ಸುಮಾರು 1 ಮಿ.ಮೀ. ಈ ಅಳತೆಗಳ ಪಟ್ಟಿ ಕೈಯಲ್ಲಿಲ್ಲದೆ ಸಾಮಾನು ಕೊಳ್ಳಬೇಡಿ.

ಯಾವ ವಿವರ ಬೇಕು, ಯಾವುದು ಬೇಡ ಎನ್ನುವುದಕ್ಕೂ ಲೆಕ್ಕವಿದೆ. ಎರಡಡಿ ದೂರದಿಂದ ಒಳ್ಳೆಯ ಕಣ್ಣಿಗೆ ಬಿಡಿಯಾಗಿ ಕಾಣುವುದು ಸುಮಾರು 0.2 ಮಿ.ಮೀ. ತನಕ ಮಾತ್ರ. 1:24ರಲ್ಲಿ ಅದು ನಿಜದ 5 ಮಿ.ಮೀ.ಗೆ ಸಮ. ಅದಕ್ಕಿಂತ ಸಣ್ಣ ಮೊಳೆತಲೆ, ಮರದ ಎಳೆಗಳನ್ನು ಕೆತ್ತಲು ಹೋಗಬೇಡಿ, ಬಣ್ಣದಲ್ಲಿ ತೋರಿಸಿದರೆ ಸಾಕು. 20 ಮಿ.ಮೀ. ಬೋಲ್ಟಿನ ತಲೆಯನ್ನು ಮಾತ್ರ ಬಿಡುವಂತಿಲ್ಲ, ಅದು 0.8 ಮಿ.ಮೀ. ಬರುತ್ತದೆ, ಇಲ್ಲದಿದ್ದರೆ ಕಣ್ಣು ಹುಡುಕುತ್ತದೆ.

ಕಬ್ಬಿಗೆ ಮೈಸೂರಿನಲ್ಲಿ ಬಲು ಸುಲಭವಾಗಿ ಸಿಗುವ ವಸ್ತು ಊದುಬತ್ತಿಯ ಬರಿ ಬಿದಿರುಕಡ್ಡಿ. ಸಾಮಾನ್ಯವಾಗಿ ಅದರ ದಪ್ಪ 1.3 ಮಿ.ಮೀ.; 24ರಿಂದ ಗುಣಿಸಿದರೆ 31 ಮಿ.ಮೀ., ಚೆನ್ನಾಗಿ ಬೆಳೆದ ಜಲ್ಲೆಯ ದಪ್ಪ. 90ರಿಂದ 100 ಮಿ.ಮೀ. ಉದ್ದಕ್ಕೆ ಕತ್ತರಿಸಿದರೆ ಏಳೆಂಟು ಅಡಿಯ ಕಬ್ಬಾಗುತ್ತದೆ. ಎಲ್ಲವನ್ನೂ ಒಂದೇ ಉದ್ದ ಮಾಡಬೇಡಿ. ಕಟಿಂಗ್ ಪ್ಲೈಯರ್ ಹಾಕಿದರೆ ತುದಿ ಜಜ್ಜಿ ಎಳೆ ಬಿಡುತ್ತದೆ. ಕಡ್ಡಿಯನ್ನು ಮ್ಯಾಟಿನ ಮೇಲಿಟ್ಟು, ಬ್ಲೇಡಿನಡಿ ಉರುಳಿಸುತ್ತಾ ಸುತ್ತಲೂ ಗೀರಿ, ಆಮೇಲೆ ಮುರಿಯಿರಿ. ಸರ್ಜಿಕಲ್ ಅಂಗಡಿಯಲ್ಲಿ ಸಿಗುವ 11ನೇ ನಂಬರಿನ ಬ್ಲೇಡು, 3ನೇ ನಂಬರಿನ ಹಿಡಿ ಇದಕ್ಕೆ ಹೇಳಿಮಾಡಿಸಿದ್ದು. ಬಿದಿರು ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ. ಒತ್ತಡ ಹೆಚ್ಚು ಬೇಕೆನಿಸಿದ ಕೂಡಲೇ ಬದಲಿಸಿ, ಕೈ ಜಾರುವುದು ಮೊಂಡು ಬ್ಲೇಡಿನಿಂದಲೇ.

ಗಿಣ್ಣುಗಳಿಗೆ ಅದೇ ಉರುಳಿಸುವ ಗೀರು, ಆದರೆ ತೀರಾ ಹಗುರವಾಗಿ. ನಡುವೆ 5-6 ಮಿ.ಮೀ. ಅಂತರ ಬಿಡಿ, ಬುಡದಲ್ಲೂ ತುದಿಯಲ್ಲೂ ಗಿಣ್ಣು ಹತ್ತಿರ ಹತ್ತಿರ ಇರುತ್ತದೆ, ಅಲ್ಲಿ 3-4 ಸಾಕು. ಸಮ ಅಂತರದಲ್ಲಿ ಗೀರಿದರೆ ಅದು ಕಬ್ಬಾಗದೆ ಸ್ಕೇಲಾಗುತ್ತದೆ! ಬಳಿಕ ಹಳದಿ-ಹಸಿರು ಅಕ್ರಿಲಿಕ್ ಬಣ್ಣವನ್ನು ಅಷ್ಟೇ ನೀರಿಗೆ ಬೆರೆಸಿ ಎರಡು ಕೈ ಹಚ್ಚಿ. ಗಟ್ಟಿ ಬಣ್ಣ ಗೀರನ್ನು ಮುಚ್ಚಿಬಿಡುತ್ತದೆ. ಪೂರ್ತಿ ಒಣಗಿದ ಮೇಲೆ ಒಂದು ಪಾಲು ಕಡುಕಂದು ಬಣ್ಣಕ್ಕೆ ಎಂಟು ಪಾಲು ನೀರು ಬೆರೆಸಿ ಸವರಿ, ಹತ್ತಿಬಟ್ಟೆಯಿಂದ ಉಜ್ಜಿ ತೆಗೆದರೆ ಗೀರಿನೊಳಗೆ ಮಾತ್ರ ಕಂದು ಉಳಿಯುತ್ತದೆ. ಗಾಡಿಯ ಹಿಂಬದಿಯಿಂದ ನೋಡುವವರಿಗೆ ಕತ್ತರಿಸಿದ ತುದಿಗಳೇ ಮೊದಲು ಕಾಣುವುದು, ಹಾಗಾಗಿ ಅವಕ್ಕೆ ಬೇರೆಯಾಗಿ ತಿಳಿ ಕೆನೆಬಣ್ಣ ಮುಟ್ಟಿಸಿ. ಹೇರಿನ ಒಳಭಾಗಕ್ಕೆ ಥರ್ಮಾಕೋಲ್ ತುಂಡು ಇಟ್ಟು, ಹೊರಗೆ ಕಾಣುವ ಜಲ್ಲೆಗಳಿಗೆ ಮಾತ್ರ ಗಿಣ್ಣು ಮಾಡಿದರೆ ಸಾಕು.

ಚಕ್ರಕ್ಕೆ ತಾಳ್ಮೆ ಬೇಕು. ಕಾಗದದ ಮೇಲೆ 30 ಡಿಗ್ರಿಗೊಂದರಂತೆ 12 ಗೆರೆ ಎಳೆದು, ಹಲಗೆಗೆ ಅಂಟಿಸಿ, ಅದರ ಮೇಲೆಯೇ ಜೋಡಿಸಿ. ಅರೆಗಳು ಕೂರುವ ನಡುಗಟ್ಟಿಗೆ, ಅಂದರೆ ಗುಂಬಕ್ಕೆ, ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆಮರ ಒಳ್ಳೆಯದು, ಎಳೆ ನಯವಾಗಿರುವುದರಿಂದ ತೂತು ಕೊರೆಯುವಾಗ ಸೀಳುವುದು ಕಡಿಮೆ. 10 ಮಿ.ಮೀ. ಗುಂಬದ ಸುತ್ತಳತೆ 31.4 ಮಿ.ಮೀ. ಅಷ್ಟು ಉದ್ದದ ಕಾಗದದ ಪಟ್ಟಿಯನ್ನು 12 ಭಾಗ ಮಾಡಿ ಸುತ್ತಿ, ಗುರುತಿನ ಮೇಲೆ 1.5 ಮಿ.ಮೀ. ತೂತು ಹಾಕಿ. ತೂತುಗಳ ನಡುವೆ 1.1 ಮಿ.ಮೀ. ಮರವಷ್ಟೇ ಉಳಿಯುವುದರಿಂದ 2 ಮಿ.ಮೀ. ಡ್ರಿಲ್ಲು ಬೇಡ, ಅರೆಯ ತುದಿಯನ್ನೇ 1.5ಕ್ಕೆ ಸವೆಸಿ. ಅರೆಗೆ ಕಬಾಬ್ ಚುಚ್ಚುವ ಬಿದಿರುಕಡ್ಡಿಯನ್ನು ಉಕ್ಕಿನ ತಗಡಿನಲ್ಲಿ ಕೊರೆದ 3, 2.5, 2.1 ಮಿ.ಮೀ. ತೂತುಗಳಲ್ಲಿ ಕ್ರಮವಾಗಿ ಎಳೆದರೆ ಹನ್ನೆರಡೂ ಒಂದೇ ದಪ್ಪ ಬರುತ್ತವೆ. ಹೊರಬಳೆಯನ್ನು ಆರು ತುಂಡಾಗಿ, ತುಂಡಿಗೆ ಎರಡು ಅರೆ ಕೂರುವಂತೆ ಮಾಡಿ. ಆ ಕೂಡುಗೆರೆಗಳೇ ಚಕ್ರಕ್ಕೆ ಜೀವ. ಕಬ್ಬಿಣದ ಪಟ್ಟಿಗೆ 0.5 ಮಿ.ಮೀ. ಕಪ್ಪು ಕಾರ್ಡು ಸುತ್ತಿ, ನೆಲಕ್ಕೆ ತಾಗುವ ಮೈಗೆ ಮಾತ್ರ 6ಬಿ ಪೆನ್ಸಿಲಿನ ಪುಡಿ ಉಜ್ಜಿ. ಓಡಾಡುವ ಚಕ್ರದಲ್ಲಿ ಹೊಳೆಯುವುದು ಆ ಮೈಯೊಂದೇ.

ಹಗ್ಗದ ನೂಲಿನ ರೋಮ ಎದ್ದು ಕಂಡರೆ ಅಳತೆ ಕೆಟ್ಟಿತೆಂದೇ ಅರ್ಥ. ಜೇನುಮೇಣದ ಮೇಲೆ ಎರಡು ಬಾರಿ ಎಳೆದರೆ ಅದು ಕೂರುತ್ತದೆ.

ಅಂಟಿನ ಟ್ಯೂಬಿನಿಂದ ನೇರವಾಗಿ ಹಾಕಬೇಡಿ. ಹೊಲಿಗೆ ಸೂಜಿಯ ಕಣ್ಣಿನ ತುದಿ ಕತ್ತರಿಸಿದರೆ ಪುಟ್ಟ ಕವೆಯಾಗುತ್ತದೆ, ಅದರಲ್ಲಿ ನಿಲ್ಲುವ ಹನಿಯೇ ಒಂದು ಕೂಡಿಗೆಗೆ ಬೇಕಾದಷ್ಟು. ಫೆವಿಕ್ವಿಕ್ ಹೆಚ್ಚಾದರೆ ಅದರ ಆವಿಯಿಂದ ಸುತ್ತ ಬಿಳಿ ಮಸುಕು ಕೂರುತ್ತದೆ. ಮರಕ್ಕೆ ಫೆವಿಕಾಲೇ ಮೇಲು.

ಕುಂಚ ಕೊಳ್ಳುವಾಗ ತೀರಾ ಸಣ್ಣ 000 ನಂಬರಿಗೆ ಮನಸೋಲುವವರು ಹೆಚ್ಚು. ಅದರಲ್ಲಿ ಬಣ್ಣ ನಿಲ್ಲುವುದೇ ಕಡಿಮೆ, ಗೆರೆ ಮುಗಿಯುವ ಮೊದಲೇ ತುದಿ ಒಣಗುತ್ತದೆ. ಚೂಪು ತುದಿಯ 0 ಅಥವಾ 1 ನಂಬರು ಸಾಕು. ಹೆಬ್ಬೆರಳ ಉಗುರಿನ ಮೇಲೆ ಒಂದು ಗೆರೆ ಎಳೆದು ನೋಡಿಯೇ ಮಾದರಿಗೆ ಮುಟ್ಟಿಸಿ. ಎರಡೂ ಮೊಣಕೈ ಮೇಜಿನ ಮೇಲೆ, ಎರಡು ಅಂಗೈಗಳ ಬುಡ ಒಂದಕ್ಕೊಂದು ತಾಗಿರಲಿ. ನಡುಕ ಎರಡೂ ಕೈಗೆ ಒಟ್ಟಿಗೆ ಆಗುವುದರಿಂದ ಗೆರೆ ಅಲುಗುವುದಿಲ್ಲ. ತಲೆಗೆ ಹಾಕುವ ಭೂತಗನ್ನಡಿ 2.5 ಪಟ್ಟಿನದಿರಲಿ. ಹೆಚ್ಚು ಪಟ್ಟಿನದಾದರೆ ಮುಖ ಬ್ಲೇಡಿಗೆ ತೀರಾ ಹತ್ತಿರ ಬರುತ್ತದೆ.

ಕೊನೆಯ ಮ್ಯಾಟ್ ವಾರ್ನಿಷನ್ನು ಮಳೆ ಹಿಡಿದ ದಿನ ಸ್ಪ್ರೇ ಮಾಡಬೇಡಿ, ತೇವ ಸೇರಿ ಮೇಲ್ಮೈ ಹಾಲುಗಟ್ಟಿದಂತೆ ಬೆಳ್ಳಗಾಗುತ್ತದೆ. ನವರಾತ್ರಿ ಮಳೆಗಾಲದ ಬಾಲದಲ್ಲೇ ಬರುವುದರಿಂದ ಬಿಸಿಲಿರುವ ಮಧ್ಯಾಹ್ನ ಆರಿಸಿ, ಒಂದಡಿ ದೂರದಿಂದ ತೆಳುವಾಗಿ ಎರಡು ಬಾರಿ ಹೊಡೆಯಿರಿ. ಚಕ್ರದ ಪಟ್ಟಿಯ ಪೆನ್ಸಿಲ್ ಹೊಳಪು ವಾರ್ನಿಷಿನಡಿ ಸತ್ತುಹೋಗುತ್ತದೆ, ಅದನ್ನು ಎಲ್ಲ ಒಣಗಿದ ಮೇಲೆ ಮತ್ತೊಮ್ಮೆ ಉಜ್ಜಿ.