ಅಗಲದ ಬೋರ್ಡು, ಸೊಂಟದ ಲೀಶು: ಉದ್ದದ ಹೊಳೆ ರೇಸಿಗೆ ನಾನು ಕಟ್ಟಿಕೊಂಡ ಸಾಮಾನು

ರಾತ್ರಿಯೂ ನಿಲ್ಲದೆ ಸಾಗುವ ಹೊಳೆ ರೇಸಿಗೆ 28 ಇಂಚು ಅಗಲದ ಪ್ಯಾಡಲ್‌ಬೋರ್ಡ್ (ನಿಂತುಕೊಂಡು ಹುಟ್ಟು ಹಾಕುವ ಹಲಗೆ) ಒಯ್ಯುತ್ತೇನೆ ಎಂದಾಗ ನಮ್ಮ ಗುಂಪಿನಲ್ಲಿ ಒಬ್ಬರೂ ಒಪ್ಪಲಿಲ್ಲ. "ಅದು ರೇಸ್ ಬೋರ್ಡಲ್ಲ, ತೆಪ್ಪ" ಅಂದರು. ಲೀಶನ್ನು (ಬೋರ್ಡನ್ನು ಮೈಗೆ ಸೇರಿಸುವ ಹಗ್ಗ) ಸೊಂಟಕ್ಕೆ ಕಟ್ಟಿದ್ದಕ್ಕೂ ನಕ್ಕರು. ಅದೇ ತೆಪ್ಪದ ಮೇಲೆ ಕಾಲಮಿತಿಗೆ ಹೆಚ್ಚುಕಡಿಮೆ ಅರ್ಧ ದಿನ ಮುಂಚೆ ಮುಗಿಸಿದೆ. ನಕ್ಕವರಲ್ಲೇ ಕೆಲವರು ಈಗ ಬೋರ್ಡಿನ ಅಳತೆ, ಬೆಲ್ಟು, ಫಿನ್ (ಬೋರ್ಡಿನ ಅಡಿಯ ರೆಕ್ಕೆ) ಎಲ್ಲ ವಿಚಾರಿಸುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುತ್ತಾ ಕೂರುವ ಬದಲು ಒಂದೇ ಸಲ ಬರೆದುಬಿಡುತ್ತೇನೆ. ಹುಟ್ಟು ಹಾಕುವ ರೀತಿ, ನೀರು ಓದುವುದು, ಬಿದ್ದರೆ ಮತ್ತೆ ಹತ್ತುವುದು ನಿಮಗೆ ಗೊತ್ತೇ ಇದೆ, ಅದಕ್ಕೆ ಹೋಗುವುದಿಲ್ಲ.

ಮೊದಲು ಅಗಲದ ಲೆಕ್ಕ. ನಿಂತ ನೀರಿನಲ್ಲಿ ನನ್ನ ಹಳೆಯ 24 ಇಂಚಿನ ಬೋರ್ಡ್ ಗಂಟೆಗೆ ಸುಮಾರು ಅರ್ಧ ಕಿಲೋಮೀಟರ್ ಜಾಸ್ತಿ ಓಡುತ್ತಿತ್ತು. ಕೆರೆಯ ರೇಸಿನಲ್ಲಿ ಅದು ದೊಡ್ಡ ಅಂತರವೇ. ಆದರೆ ಹೊಳೆಯೇ ಗಂಟೆಗೆ ಆರೇಳು ಕಿಲೋಮೀಟರ್ ಹೊತ್ತುಕೊಂಡು ಹೋಗುವಾಗ ಒಟ್ಟು ವೇಗ ಹದಿಮೂರೋ, ಹದಿಮೂರೂವರೆಯೋ ಅನ್ನುವಷ್ಟೇ ಫರಕು. ನೂರಕ್ಕೆ ನಾಲ್ಕು ಭಾಗ ಅಂದುಕೊಳ್ಳಿ. ಅಷ್ಟು ಉಳಿಯಬೇಕಾದರೆ ಬೀಳಬಾರದು. ಎಂಟು ಹತ್ತು ಗಂಟೆ ನಿಂತ ಕಾಲಿನಲ್ಲಿ, ಕತ್ತಲಲ್ಲಿ, ಅಡಿಯಿಂದ ನೀರು ಉಕ್ಕುವ ಜಾಗದಲ್ಲಿ 24 ಇಂಚಿನ ಮೇಲೆ ಬೀಳದವರು ಇದ್ದಾರೆ. ನಾನು ಅವರಲ್ಲ, ಓದುತ್ತಿರುವವರಲ್ಲಿ ಹೆಚ್ಚಿನವರೂ ಅಲ್ಲ. ಬಿದ್ದು ಹತ್ತಲು ಅರ್ಧ ನಿಮಿಷ ಸಾಕು. ನಿಜವಾದ ನಷ್ಟ ಆಮೇಲಿನದು. ಮೈಯೆಲ್ಲ ಒದ್ದೆ, ನಡುಕ, ತಿನ್ನಲು ಮನಸ್ಸಿಲ್ಲ. ಮುಂದಿನ ಒಂದು ಗಂಟೆ ಮಂಡಿ ಬಗ್ಗಿಸಿಕೊಂಡು ಹೆದರಿ ಹೆದರಿ ಹುಟ್ಟು ಹಾಕುವುದು. ಆ ಒಂದು ಗಂಟೆಯಲ್ಲಿ ಹೋಗುವ ದೂರ ಅರ್ಧ ಕಿಲೋಮೀಟರಿಗಿಂತ ಎಷ್ಟೋ ಜಾಸ್ತಿ.

ಅಗಲದ ಬೋರ್ಡಿನ ಮೇಲೆ ಕೂತು ತಿನ್ನಬಹುದು, ಜಾಕೆಟ್ ಬದಲಿಸಬಹುದು. ದಡಕ್ಕೆ ಹೋಗಿ ಮಾಡುವ ಕೆಲಸವನ್ನೆಲ್ಲ ಅಲ್ಲೇ ಮುಗಿಸಬಹುದು (ಎಲ್ಲ ಅಂದರೆ ಎಲ್ಲ). ಕೂತಿದ್ದಾಗಲೂ ಹೊಳೆ ಒಯ್ಯುತ್ತಲೇ ಇರುತ್ತದೆ. ಹತ್ತು ನಿಮಿಷಕ್ಕೆ ಒಂದು ಕಿಲೋಮೀಟರ್ ಪುಕ್ಕಟೆ. ಅಗಲ ಕಡಿಮೆಯ ಬೋರ್ಡಿನವರು ದಡ ಹುಡುಕಿ, ಇಳಿದು, ಕೆಸರು ತುಳಿದು ವಾಪಸ್ ಬರುವಷ್ಟರಲ್ಲಿ ನಾನು ಮುಂದಿನ ತಿರುವು ದಾಟಿರುತ್ತಿದ್ದೆ.

ದುಡ್ಡಿನ ಕಥೆ ಅಷ್ಟು ಚೆನ್ನಾಗಿಲ್ಲ. ಆ 24 ಇಂಚಿನ ಕಾರ್ಬನ್ ಬೋರ್ಡನ್ನು ಕೊಂಡ ಬೆಲೆಯ ಅರ್ಧಕ್ಕೂ ಕಡಿಮೆಗೆ ಕೊಟ್ಟೆ, ಹೊಟ್ಟೆ ಉರಿಯಿತು. ಬಂದ ದುಡ್ಡಿನಲ್ಲಿ 14 ಅಡಿ ಉದ್ದ, 28 ಇಂಚು ಅಗಲದ ಗಟ್ಟಿ ಬೋರ್ಡ್ ಸೆಕೆಂಡ್ ಹ್ಯಾಂಡ್‌ನಲ್ಲಿ ಬಂತು. ಒಟ್ಟು ಖರ್ಚಿನಲ್ಲಿ ಅಂದಾಜು ಅರ್ಧ ಬೋರ್ಡಿಗೆ, ಕಾಲು ಭಾಗ ಪ್ಯಾಡಲ್‌ಗಳಿಗೆ, ಮಿಕ್ಕಿದ್ದು ಟ್ರ್ಯಾಕರ್, ಬಟ್ಟೆ, ಲೈಟು, ಚೀಲಗಳಿಗೆ. ಲೀಶ್ ಸಿಕ್ಕಿಸುವ, ಎಳೆದರೆ ಬಿಚ್ಚಿಕೊಳ್ಳುವ ಸೊಂಟದ ಬೆಲ್ಟಿಗೆ ನೂರಕ್ಕೆ ಒಂದೆರಡು ಭಾಗ ಬಿದ್ದಿರಬಹುದು. ಜನ ಕೈ ಬಿಗಿ ಮಾಡುವುದು ಮಾತ್ರ ಅದರಲ್ಲೇ.

ಕಾಲಿನ ಲೀಶ್ ಅಲೆಗೆ ಸರಿ, ಕೆರೆಗೆ ಸರಿ. ಹರಿಯುವ ನೀರಿಗೆ ಅದು ಉರುಳು. ದಡದ ಮರ ನೀರಿಗೆ ಬಿದ್ದು, ಕೊಂಬೆಗಳ ನಡುವೆ ನೀರು ಮಾತ್ರ ನುಗ್ಗಿ ಹೋಗುವ ಜಾಗ ನೋಡಿದ್ದೀರಲ್ಲ. ತಿರುವಿನ ಹೊರಮಗ್ಗುಲಲ್ಲೇ ಅವು ಹೆಚ್ಚು, ಜೋರು ಸೆಳವೂ ಅಲ್ಲೇ. ಕೊಂಬೆಯ ಆ ಕಡೆ ಬೋರ್ಡ್, ಈ ಕಡೆ ನೀವು ಹೋದರೆ ಲೀಶ್ ನಡುವೆ ಸಿಕ್ಕಿಕೊಳ್ಳುತ್ತದೆ. "ಬಗ್ಗಿ ಬಿಚ್ಚಿದರಾಯ್ತು" ಅನ್ನುವವರಿಗಾಗಿಯೇ ಒಂದು ಪ್ರಯೋಗ ಮಾಡಿದೆವು. ಎದೆಮಟ್ಟದ ನೀರು, ನಡಿಗೆಗಿಂತ ತುಸು ಜೋರಾದ ಸೆಳವು, ಕೆಳಗೆ ಬಂಡೆ ಮರ ಏನೂ ಇಲ್ಲ. ಮೇಲ್ಗಡೆ ಹಗ್ಗ ಹಿಡಿದವರು ನಾನು ಕೂಗಿದ ತಕ್ಷಣ ಬಿಡಬೇಕು, ಕೆಳಗಡೆ ಎಸೆಯುವ ಹಗ್ಗದ ಚೀಲ ಹಿಡಿದು ಇಬ್ಬರು ತಯಾರು. ಕಾಲಿಗೆ ಲೀಶ್ ಕಟ್ಟಿ ಅದನ್ನು ಹಗ್ಗಕ್ಕೆ ಸೇರಿಸಿದೆವು. ನನ್ನ ಕೈ ಮಂಡಿಯ ತನಕ ಬಂತು, ಪಾದದ ಗಂಟು ಮುಟ್ಟಲೇ ಇಲ್ಲ. ಬಗ್ಗಲು ಹೋದಷ್ಟೂ ತಲೆ ನೀರೊಳಗೆ. ಆಮೇಲೆ ಸೊಂಟದ ಬೆಲ್ಟ್. ಒಂದೇ ಎಳೆತ, ಬಿಟ್ಟಿತು. ನಮ್ಮದು ಮೆಲ್ಲನೆಯ ಸೆಳವು. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ. ಆ ದಿನದಿಂದ ನಗು ನಿಂತಿತು.

ಬೆಲ್ಟ್‌ಗಳಲ್ಲೂ ದುಡ್ಡು ಕಳೆದಿದ್ದೇನೆ. ಅಗ್ಗದ ಒಂದರ ಬಕಲ್ ಒಳಗೆ ಮರಳು ಸೇರಿ, ಎಷ್ಟು ಎಳೆದರೂ ಬಿಡಲಿಲ್ಲ. ಇನ್ನೊಂದು ತದ್ವಿರುದ್ಧ, ಬೋರ್ಡ್ ಹತ್ತುವಾಗ ಹೊಟ್ಟೆ ಉಜ್ಜಿದ್ದಕ್ಕೇ ಬಿಚ್ಚಿಕೊಂಡಿತು. ಒದ್ದೆಯಾಗಿದೆ ಅಂತ ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ನೀರಿನ ಬೆಲ್ಟ್ ಒದ್ದೆಯಾಗದೆ ಇನ್ನೇನಾಗಬೇಕಿತ್ತೋ. ಎಳೆಯುವ ಗುಂಡು ದೊಡ್ಡದಿರಲಿ, ಗ್ಲೌಸ್ ಹಾಕಿದ ಎರಡೂ ಕೈಗೆ ಸಿಗಲಿ. ಬೆಲ್ಟಿನ ಉದ್ದ ಜಾಸ್ತಿಯಾಯಿತು ಅಂತ ತುದಿಯನ್ನು ಸುತ್ತಿ ಸಿಕ್ಕಿಸಬೇಡಿ, ಎಳೆದಾಗ ಅದು ನೇರವಾಗಿ ಜಾರಿ ಹೊರಬರಬೇಕು. ಜಾಕೆಟ್ಟಿನ ಅಂಚು, ನೀರು ಕುಡಿಯುವ ನಳಿಕೆ ಗುಂಡಿನ ಮೇಲೆ ಬರಬಾರದು. ಪ್ರತಿ ಅಭ್ಯಾಸದ ಕೊನೆಗೆ ನೀರಿಗೆ ಹಾರಿ, ಕಣ್ಣು ಮುಚ್ಚಿ, ಒಮ್ಮೆ ಎಡಗೈಯಲ್ಲಿ ಒಮ್ಮೆ ಬಲಗೈಯಲ್ಲಿ ಬಿಚ್ಚುತ್ತಿದ್ದೆ. ಲೀಶ್ ಸುರುಳಿಯದೇ ಇರಲಿ, ಉದ್ದನೆಯದು ನೀರಿನಲ್ಲಿ ಎಳೆದುಕೊಂಡು ಬಂದು ಕಸವೆಲ್ಲ ಹಿಡಿಯುತ್ತದೆ.

ಲೀಶೇ ಬೇಡ ಅನ್ನುವ ಗುಂಪೂ ಇದೆ. ಹೊಳೆ ಅಂತ ಹೆಸರಿದ್ದ ಮಾತ್ರಕ್ಕೆ ದಾರಿಯೆಲ್ಲ ಹೊಳೆಯಲ್ಲ. ಕೆನಡಾದ ಯೂಕಾನ್ ರಿವರ್ ಕ್ವೆಸ್ಟ್ ನೋಡಿ. ವೈಟ್‌ಹಾರ್ಸ್‌ನಿಂದ ಡಾಸನ್ ಸಿಟಿವರೆಗೆ 715 ಕಿಲೋಮೀಟರ್, ಅದರಲ್ಲಿ ಶುರುವಿಗೇ ಸುಮಾರು 50 ಕಿಲೋಮೀಟರ್ ಉದ್ದದ ಲಬಾರ್ಜ್ ಸರೋವರ ಸಿಗುತ್ತದೆ. ಅಂಥ ಕಡೆ ಗಾಳಿ ಎದ್ದಾಗ ಬಿದ್ದರೆ, ಲೀಶಿಲ್ಲದ ಬೋರ್ಡ್ ನೀವು ಈಜುವುದಕ್ಕಿಂತ ಜೋರಾಗಿ ಓಡಿಹೋಗುತ್ತದೆ.

ಲೈಫ್ ಜಾಕೆಟ್ ವಿಷಯದಲ್ಲಿ ನಾನು ಹಟಮಾರಿ. ಸೊಂಟಕ್ಕೆ ಕಟ್ಟುವ ಗಾಳಿಯ ಚೀಲ ಹಗುರ, ಸೆಕೆಯಿಲ್ಲ, ನೋಡಲೂ ಚೆಂದ. ದಾರ ಎಳೆದರೆ ಸಿಲಿಂಡರಿನ ಗ್ಯಾಸ್ ತುಂಬುತ್ತದೆ, ಆಮೇಲೆ ಅದನ್ನು ತಲೆಗೆ ಹಾಕಿಕೊಳ್ಳಬೇಕು. ಹಗಲಲ್ಲಿ ಚೆನ್ನಾಗಿ ಕೆಲಸ ಮಾಡಿತು. ಇಡೀ ದಿನ ಹುಟ್ಟು ಹಾಕಿ, ರಾತ್ರಿ ತಣ್ಣೀರಿಗೆ ಬಿದ್ದು ನೋಡಿದಾಗ ದಾರ ಕೈಗೆ ಸಿಗುವಷ್ಟರಲ್ಲಿ ಬೇಕಾದಷ್ಟು ನೀರು ಕುಡಿದಾಗಿತ್ತು. ಒಂದು ಸಿಲಿಂಡರ್ ಒಂದೇ ಸಲಕ್ಕೆ, ಹಾಗಾಗಿ ಪ್ರತಿ ಪರೀಕ್ಷೆಗೂ ದುಡ್ಡು. ತಲೆಗೆ ಪೆಟ್ಟು ಬಿದ್ದರಂತೂ ಅದು ಬರೀ ಬೆಲ್ಟ್. ಅದನ್ನು ಬಿಟ್ಟು ತೇಲಿಸುವ ಬಲ 50 ನ್ಯೂಟನ್ ಇರುವ ಫೋಮ್ ಜಾಕೆಟ್ ತಗೊಂಡೆ. ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲಕ್ಕೆ ತಿರುಗಿಸುವ ಶಕ್ತಿ ಅದಕ್ಕಿಲ್ಲ ನಿಜ, ಆದರೆ ಏನೂ ಮಾಡದೆ ತೇಲಿಸುತ್ತದೆ. ತೋಳಿನ ತೆರಪು ದೊಡ್ಡದಿರುವುದನ್ನೇ ಆರಿಸಿ. ಕಂಕುಳ ಚರ್ಮ ಕಿತ್ತು ರೇಸ್ ಬಿಟ್ಟವರನ್ನು ನೋಡಿದ್ದೇನೆ.

ಬೆಲ್ಟ್ ಬಿಚ್ಚಿದ ಮೇಲೆ ಬೋರ್ಡ್ ಹೋಯಿತು ಅಂತಲೇ ಲೆಕ್ಕ. ಹಾಗಾಗಿ ದಡದಲ್ಲಿ ಒಂದು ರಾತ್ರಿ ಕಳೆಯಲು ಬೇಕಾದ್ದು ಮೈಮೇಲೇ ಇರಬೇಕು. ಜಾಕೆಟ್ಟಿನ ಜೇಬುಗಳಲ್ಲಿ ಸೀಟಿ, ಸ್ಯಾಟಲೈಟ್ ಟ್ರ್ಯಾಕರ್, ಚಿಕ್ಕ ಚಾಕು, ಲೈಟರ್, ಫಾಯಿಲ್ ಹೊದಿಕೆ, ತಿನ್ನಲು ಒಂದೆರಡು ಎನರ್ಜಿ ಜೆಲ್. ಹೆಚ್ಚಿನವರು ಟ್ರ್ಯಾಕರನ್ನು ಬೋರ್ಡಿನ ಮೂತಿಗೆ ಕಟ್ಟುತ್ತಾರೆ. ಆಮೇಲೆ ಮನೆಯವರು ನಕ್ಷೆಯಲ್ಲಿ ನೋಡುವುದು ಖಾಲಿ ಬೋರ್ಡಿನ ಪ್ರಯಾಣ. ತಣ್ಣೀರಿನ 1-10-1 ಲೆಕ್ಕ ನಿಮಗೆ ಗೊತ್ತಿರುತ್ತದೆ. ಉಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಮಾತು ಕೇಳುವುದು 10 ನಿಮಿಷ, ಪ್ರಜ್ಞೆ ಉಳಿಯುವುದು ಸುಮಾರು 1 ಗಂಟೆ. ಆ ಹತ್ತು ನಿಮಿಷ ಕಳೆದರೆ ಜಿಪ್ ಎಳೆಯಲು ಬೆರಳು ಬರುವುದಿಲ್ಲ. ಅದಕ್ಕೇ ನನ್ನ ಜಿಪ್‌ಗಳಿಗೆಲ್ಲ ಬೆರಳು ತೂರುವಷ್ಟು ದೊಡ್ಡ ಹಗ್ಗದ ಕುಣಿಕೆಗಳಿವೆ, ಹಲ್ಲಲ್ಲೂ ಎಳೆಯಬಹುದು.

ಬೋರ್ಡಿನ ಮೇಲೆ ಕುಡಿಯುವ ನೀರು ಕಾಲಿನ ಮುಂದೆ, ಬಟ್ಟೆ ತುಂಬಿದ ಡ್ರೈ ಬ್ಯಾಗ್ (ನೀರು ಒಳಹೋಗದ ಚೀಲ) ಹಿಂದೆ. ನೀರಿನ ಚೀಲವನ್ನು ಬೆನ್ನಿಗೆ ಹಾಕಿ ನೋಡಿದೆ, ಎರಡು ಮೂರು ಕೆಜಿ ಮೇಲಕ್ಕೆ ಹೋದರೆ ಸಮತೋಲನ ಕೆಡುತ್ತದೆ, ಬೆನ್ನೂ ಬೇಯುತ್ತದೆ. ಕೆಳಗಿಟ್ಟು ಉದ್ದ ನಳಿಕೆ ಹಾಕಿದ್ದೇ ಸರಿಹೋಯಿತು. ಹಿಂದಿನ ಚೀಲಕ್ಕೆ ನಾನು ಹಾಕುವ ಗಂಟು ಅಲ್ಲಾಡುವುದಿಲ್ಲ, ಆದರೆ ಒಂದೇ ಎಳೆತಕ್ಕೆ ಬಿಚ್ಚುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬೇಕಾದವರು ಸ್ಟಾರ್ಟ್ ಲೈನಿಗೆ ಬಂದು ನೋಡಿಕೊಳ್ಳಿ.

ಫಿನ್ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲೆ. ನೇರ ಉದ್ದ ಫಿನ್ ಆಳದ ನೀರಿನಲ್ಲಿ ಬೋರ್ಡನ್ನು ಗೆರೆ ಎಳೆದಂತೆ ಒಯ್ಯುತ್ತದೆ. ಆಳವಿಲ್ಲದ ನೀರಿನ ಮರಳ ದಿಬ್ಬಕ್ಕೆ ತಗುಲಿದರೆ ಬೋರ್ಡ್ ಗಕ್ಕನೆ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಹಿಂದಕ್ಕೆ ಬಾಗಿದ ವೀಡ್ ಫಿನ್‌ನಲ್ಲಿ ಜೊಂಡು ಜಾರಿ ಹೋಗುತ್ತದೆ, ಕಲ್ಲಿಗೂ ಸವರಿಕೊಂಡು ದಾಟುತ್ತದೆ. ನಾನು ಹಳೆಯ ಫಿನ್‌ಗಳನ್ನು ಕೊಯ್ದು, ಅಂಚು ಉಜ್ಜಿ ಬೇರೆ ಬೇರೆ ಕೋನ ಮಾಡಿ ನೋಡಿದೆ. ತೀರಾ ಮಲಗಿಸಿದ್ದು ಸುಳಿಯ ಅಂಚಿನಲ್ಲಿ ಹಿಡಿತವೇ ಇಲ್ಲದೆ ಬೋರ್ಡನ್ನು ಸುತ್ತಿಸಿಬಿಟ್ಟಿತು. 45 ಡಿಗ್ರಿ ಆಸುಪಾಸಿನ, ಸ್ವಲ್ಪ ಬಾಗುವ ಪ್ಲಾಸ್ಟಿಕ್ಕಿನದೇ ಕೊನೆಗೆ ನಿಂತಿತು. ಅದು ಇದ್ದುದರಲ್ಲೆಲ್ಲ ಅಗ್ಗದ್ದು ಅನ್ನುವುದು ಬೇರೆ ಮಾತು.

ಗಾಳಿ ತುಂಬುವ ಬೋರ್ಡ್ ಬಳಸುವವರಿಗೆ ಒಂದು ವಿಷಯ, ಅಭ್ಯಾಸಕ್ಕೆ ನನ್ನ ಹತ್ರವೂ ಒಂದಿದೆ. ಬಿಸಿಲಲ್ಲಿ 15 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿ, ಅರ್ಧ ಗಂಟೆ ತಣ್ಣೀರಲ್ಲಿ ಬಿಟ್ಟು ಅಳೆದರೆ ಹನ್ನೆರಡೂವರೆ ಸುತ್ತಮುತ್ತ ತೋರಿಸಿತು. ದಡದಲ್ಲಿ ಸುಮಾರು 40 ಡಿಗ್ರಿ, ನೀರಲ್ಲಿ 12 ಡಿಗ್ರಿ ಇತ್ತು. ಸೋರಿಕೆ ಏನಿಲ್ಲ, ಒಳಗಿನ ಗಾಳಿ ತಣಿದು ಕುಗ್ಗಿದ್ದು ಅಷ್ಟೇ. ನಡುವೆ ಬಾಗಿದ ಬೋರ್ಡ್ ಎಳೆಯಲು ಎಷ್ಟು ಭಾರ ಅಂತ ಗೊತ್ತಲ್ವಾ? ನೀರಿಗಿಳಿಸಿ ತಣಿದ ಮೇಲೆ ಇನ್ನೊಮ್ಮೆ ಪಂಪ್ ಹೊಡೆಯಿರಿ. ಹಾಗೆ ತುಂಬಿದ್ದನ್ನು ಆಮೇಲೆ ಬಿಸಿಲಿಗೆ ಎಳೆದು ಹಾಕಬೇಡಿ. ಪಕ್ಕದವರೊಬ್ಬರ ಬೋರ್ಡಿನ ಅಂಟು ಬಿಟ್ಟ ಸದ್ದು ದೂರಕ್ಕೂ ಕೇಳಿಸಿತ್ತು.

ಪ್ಯಾಡಲ್‌ನಲ್ಲಿ ಬ್ಲೇಡ್ (ಹುಟ್ಟಿನ ಅಗಲದ ತುದಿ) ಚಿಕ್ಕದಿರಲಿ, ಹೆಚ್ಚು ಸಲ ಎಳೆಯಿರಿ. ದೊಡ್ಡ ಬ್ಲೇಡ್ ಮೊದಲ ಒಂದೆರಡು ಗಂಟೆ ಖುಷಿ ಕೊಟ್ಟು ಭುಜ ತಿಂದುಹಾಕುತ್ತದೆ. ಮೂರು ತುಂಡಿನ ಬದಲಿ ಪ್ಯಾಡಲ್ ಡೆಕ್ ಮೇಲೆ ಇದ್ದೇ ಇರಬೇಕು. ಅದರ ಹಿಡಿಗೆ ಗಟ್ಟಿ ಟೇಪ್ ಸುತ್ತಿಡುತ್ತೇನೆ, ರಿಪೇರಿಗೆ ಬೇಕಾದಷ್ಟು ಬಿಚ್ಚಿಕೊಳ್ಳಬಹುದು.

ರಾತ್ರಿ ಬೇರೆಯದೇ ಲೋಕ. ಮಂಜಿನಲ್ಲಿ ಹೆಡ್‌ಲ್ಯಾಂಪ್ ಹಾಕಿದರೆ ಎದುರಿಗೆ ಬಿಳಿ ಗೋಡೆ. ಆರಿಸಿ, ಕಣ್ಣು ಕತ್ತಲಿಗೆ ಹೊಂದಿಕೊಂಡರೆ ದಡದ ಗೆರೆ ತಾನಾಗಿ ಕಾಣುತ್ತದೆ. ನಕ್ಷೆ ನೋಡಲು ಕೆಂಪು ಬೆಳಕು ಸಾಕು. ಸರಕು ದೋಣಿ ಓಡಾಡುವ ಹೊಳೆಗಳಲ್ಲಿ, ಉದಾಹರಣೆಗೆ ಅಮೆರಿಕದ ಮಿಸೌರಿ ನದಿಯ 340 ಮೈಲಿ ರೇಸಿನಲ್ಲಿ, ಮುಂದೆ ಕೆಂಪು ಹಸಿರು, ಹಿಂದೆ ಬಿಳಿ ದೀಪ ಕಡ್ಡಾಯ. ಆ ದೋಣಿಗಳು ಬ್ರೇಕ್ ಹಾಕಿ ನಿಲ್ಲುವಂಥವಲ್ಲ, ದಾರಿ ನೀವೇ ಬಿಡಬೇಕು. ಲಂಗರು ಹಾಕಿದ ತೇಲುಗುಂಡು (ಬಾಯ್), ಸೇತುವೆ ಕಂಬ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತವೆ, ನೀರು ಬಡಿಯುವ ಸದ್ದಿನಿಂದ. ಹಾಡು ಕೇಳುವವರು ಒಂದು ಕಿವಿಯನ್ನಾದರೂ ಬಿಟ್ಟುಕೊಳ್ಳಿ. ಕಂಬಕ್ಕೆ ಅಡ್ಡಬಿದ್ದೇಬಿಟ್ಟರೆ ಕಂಬದ ಕಡೆಗೇ ವಾಲಬೇಕು. ಹೆದರಿ ಮೇಲ್ಗಡೆಗೆ ವಾಲಿದರೆ ನೀರು ಬೋರ್ಡಿನ ಅಂಚು ಹತ್ತಿ ಮಗುಚಿಹಾಕುತ್ತದೆ. ಎರಡನೇ ರಾತ್ರಿ ನಿದ್ದೆಗೆಟ್ಟು ಮರಗಳೆಲ್ಲ ಮನುಷ್ಯರಂತೆ ಕಾಣುತ್ತವೆ. ನನಗೆ ನೀರಿನ ನಡುವೆ ಮೆಟ್ಟಿಲು ಕಂಡಿತ್ತು. ಆಗ ಬೋರ್ಡ್ ದಡಕ್ಕೆ ಕಟ್ಟಿ ಇಪ್ಪತ್ತು ನಿಮಿಷ ಮಲಗಿದೆ, ಮೆಟ್ಟಿಲು ಹೋಯಿತು.

ಇನ್ನು ಕಾಲು. ಕೈ ಬೊಬ್ಬೆ ಬಗ್ಗೆ ಎಲ್ಲರೂ ಬರೆಯುತ್ತಾರೆ, ರೇಸ್ ಬಿಡಿಸುವುದು ಪಾದ. ಒಂದೇ ಜಾಗದಲ್ಲಿ ನಿಂತು ಬೆರಳು ಜೋಮು ಹಿಡಿಯುತ್ತದೆ, ಒದ್ದೆ ಚರ್ಮ ಬೆಳ್ಳಗಾಗಿ ಸುಲಿಯುತ್ತದೆ. ನಿಲ್ಲುವ ಜಾಗಕ್ಕೆ ಇನ್ನೊಂದು ಪದರ ಮೆತ್ತನೆ ಫೋಮ್ ಅಂಟಿಸಿದೆ, ಅರ್ಧ ಗಂಟೆಗೊಮ್ಮೆ ಕಾಲಿನ ಜಾಗ ಬದಲಿಸಿದೆ. ಪಾದಕ್ಕೆ ಹಚ್ಚುವ ಮಿಶ್ರಣವೊಂದಿದೆ, ಅದು ಸದ್ಯಕ್ಕೆ ನನ್ನ ಹತ್ರವೇ ಇರಲಿ.

ಈಗ 26 ಇಂಚಿನದೊಂದು ಬೋರ್ಡ್ ಎರವಲು ಸಿಕ್ಕಿದೆ. ಅದೇ ಭಾರ ಹೇರಿ, ಅದೇ ಫಿನ್ ಹಾಕಿ, ರಾತ್ರಿ ಹೊತ್ತು ಅದೇ ಸುಳಿಗಳ ಮೇಲೆ ಓಡಿಸಿ ನೋಡಬೇಕು. ಬೀಳದೆ ಉಳಿದರೆ 28 ಇಂಚಿನದನ್ನು ಮಾರುತ್ತೇನೆ. ಕೊಳ್ಳಲು ಈಗಾಗಲೇ ಇಬ್ಬರು ಕೇಳಿದ್ದಾರೆ, ಇಬ್ಬರೂ ತೆಪ್ಪ ಅಂದವರೇ. ಬೆಲೆ ಮಾತ್ರ ಈ ಸಲ ನಾನು ಹೇಳಿದಷ್ಟು.