ಹತ್ತು ಆಜ್ಞೆಗಳಿಗೆ ಮುಂಚಿನ ವಚನ

ನಮ್ಮ ಸತ್ಯವೇದ (ಬೈಬಲ್) ಅಧ್ಯಯನದಲ್ಲಿ ಧರ್ಮಶಾಸ್ತ್ರ, ಅಂದರೆ ಮೋಶೆಯ ಮೂಲಕ ದೇವರು ಕೊಟ್ಟ ಆಜ್ಞೆಗಳು, ಮತ್ತು ಕೃಪೆ, ಅಂದರೆ ಗಳಿಸದೆ ಸಿಗುವ ದೇವರ ದಯೆ, ಇವುಗಳ ಪಾಠವನ್ನು ನಾನು ಅಪೊಸ್ತಲ ಪೌಲನ ಪತ್ರಿಕೆಗಳಿಂದ ಆರಂಭಿಸುವುದಿಲ್ಲ. ಮೊದಲು ವಿಮೋಚನಕಾಂಡದ 20ನೇ ಅಧ್ಯಾಯ ತೆಗೆಸುತ್ತೇನೆ. ಹೆಚ್ಚಿನವರು ‘ಬೇರೆ ದೇವರುಗಳು ಇರಬಾರದು’ ಎನ್ನುವ 3ನೇ ವಚನಕ್ಕೇ ಹೋಗಿಬಿಡುತ್ತಾರೆ. ಅವರನ್ನು ತಡೆದು 2ನೆಯದನ್ನು ಗಟ್ಟಿಯಾಗಿ ಓದಿಸುತ್ತೇನೆ. ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ನಿನ್ನನ್ನು ಬಿಡಿಸಿದವನು ನಾನು ಎಂದು ದೇವರು ಹೇಳುವುದು ಅಲ್ಲಿ. ಇಸ್ರಾಯೇಲ್ಯರು ಸಮುದ್ರ ದಾಟಿದ್ದು 14ನೇ ಅಧ್ಯಾಯದಲ್ಲಿ, ಸೀನಾಯಿ ಬೆಟ್ಟದಲ್ಲಿ ಆಜ್ಞೆ ಬಂದದ್ದು 20ರಲ್ಲಿ. ಆಜ್ಞೆ ಪಾಲಿಸಿ ಬಿಡುಗಡೆ ಗಳಿಸಿದವರು ಆ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ. ಪುಟ ತಿರುವಿ ಇದನ್ನು ತಾವೇ ಕಂಡುಕೊಂಡವರಿಗೆ ನನ್ನ ವಿವರಣೆ ಅಷ್ಟಾಗಿ ಬೇಕಾಗುವುದಿಲ್ಲ.

ಹಾಗಾದರೆ ಧರ್ಮಶಾಸ್ತ್ರದ ಕೆಲಸವೇನು? ರೋಮಾಪುರದವರಿಗೆ ಬರೆದ ಪತ್ರಿಕೆಯ 7ನೇ ಅಧ್ಯಾಯದಲ್ಲಿ ಪೌಲ ಕೊಲೆ, ಕಳ್ಳತನಗಳ ಗೊಡವೆಗೆ ಹೋಗದೆ ‘ಆಶಿಸಬಾರದು’, ಅಂದರೆ ಪರರದಕ್ಕೆ ಆಸೆಪಡಬಾರದು, ಎಂಬ ಆಜ್ಞೆಯನ್ನೇ ಹಿಡಿಯುತ್ತಾನೆ. ಅವನ ಜಾಣತನ ನನಗೆ ಬಹಳ ಇಷ್ಟ. ಉಳಿದವುಗಳಲ್ಲಿ ಎದೆಯುಬ್ಬಿಸಿ ನಿಲ್ಲುವವರೂ ಇಲ್ಲಿ ತಲೆ ತಗ್ಗಿಸುತ್ತಾರೆ, ಏಕೆಂದರೆ ಇದು ಮನಸ್ಸಿನೊಳಗೇ ನಡೆಯುವ ಸಂಗತಿ. ಜ್ವರ ಎಷ್ಟಿದೆ ಎಂದು ಥರ್ಮಾಮೀಟರ್ ಹೇಳುತ್ತದೆ, ಇಳಿಸುವುದಿಲ್ಲ; ಪಾಪದ ವಿಷಯದಲ್ಲಿ ಧರ್ಮಶಾಸ್ತ್ರವೂ ಹಾಗೆಯೇ.

ಹಿರಿಯ ಸಹೋದರಿಯೊಬ್ಬರು ಪಾಠ ಮುಗಿದ ಮೇಲೆ, “ಎಷ್ಟು ದಿನ ಉಪವಾಸ ಮಾಡಿದರೆ ಕ್ಷಮೆ ಸಿಕ್ಕಿತೆಂದು ನಂಬಬಹುದು, ಬ್ರದರ್?” ಎಂದು ಕೇಳಿದರು. ಯೋಹಾನನ ಸುವಾರ್ತೆಯ 8ನೇ ಅಧ್ಯಾಯದ 11ನೇ ವಚನ ತೋರಿಸಿದೆ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿಗೆ ಯೇಸು, ನಾನೂ ನಿನಗೆ ಶಿಕ್ಷೆ ವಿಧಿಸುವುದಿಲ್ಲ ಎನ್ನುತ್ತಾನೆ. ಇನ್ನು ಮೇಲೆ ಪಾಪ ಮಾಡಬೇಡ ಎನ್ನುವುದು ಆಮೇಲೆ. “ಇವೆರಡನ್ನೂ ಹಿಂದುಮುಂದು ಮಾಡಿ ಓದಿ ನೋಡಿ, ಅಮ್ಮಾ” ಎಂದೆ. ಓದಿದರು. ಸ್ವಲ್ಪ ಹೊತ್ತು ಬಿಟ್ಟು, “ನಾನು ಇಷ್ಟು ವರ್ಷ ನಂಬಿಕೊಂಡು ಬಂದದ್ದು ಹೀಗೇ” ಎಂದರು. ಉಪವಾಸ ಬಿಡಿ ಎಂದು ನಾನು ಹೇಳಲಿಲ್ಲ, ಅವರು ಬಿಡಲೂ ಇಲ್ಲ. ದಿನ ಎಣಿಸುವುದನ್ನು ಮಾತ್ರ ನಿಲ್ಲಿಸಿದರು.

ಇದನ್ನೆಲ್ಲ ಕೇಳಿದ ಹುಡುಗರು, “ಕೃಪೆ ಇದೆಯಲ್ಲ, ಹೇಗೆ ಬದುಕಿದರೇನು?” ಎನ್ನುತ್ತಾರೆ. ಅವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಇದೇ ಪ್ರಶ್ನೆಯನ್ನು ಪೌಲನೂ ಅದೇ ಪತ್ರಿಕೆಯ 6ನೇ ಅಧ್ಯಾಯದ ಆರಂಭದಲ್ಲಿ ಎತ್ತುತ್ತಾನೆ. ಅವನ ಉತ್ತರವನ್ನು ನಿಧಾನವಾಗಿ ಓದಿಸುತ್ತೇನೆ. ಅಲ್ಲಿ ಅವನು ಧರ್ಮಶಾಸ್ತ್ರದ ಕೋಲು ಎತ್ತದೆ ಕ್ರಿಸ್ತನೊಂದಿಗೆ ಸತ್ತದ್ದರ ಗುರುತಾದ ದೀಕ್ಷಾಸ್ನಾನದ ಮಾತೆತ್ತುತ್ತಾನೆ: ಪಾಪದ ಪಾಲಿಗೆ ಸತ್ತವರು ಅದರಲ್ಲೇ ಇನ್ನೂ ಬದುಕುವುದು ಹೇಗೆ? ಕ್ರಿಸ್ತನನ್ನು ನಂಬಿದವರೂ ಸುನ್ನತಿ ಮಾಡಿಸಿಕೊಳ್ಳಲೇಬೇಕೇ ಎಂಬ ಗಲಾತ್ಯದವರ ಜಗಳವನ್ನು ಮಾತ್ರ ಅದೇ ದಿನ ತೆಗೆಯುವುದಿಲ್ಲ. ಅದಕ್ಕೆ ಬೇರೆಯೇ ಒಂದು ಸಂಜೆ ಬೇಕು.